ನಮ್ಮ ಬೀದಿಯ ಸಮೀಕ್ಷೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ‘ಅಕ್ಕಾ, ಈಗ ಊರಿಗೆ ಬಂದುಬಿಡಲಾ?’ ಎಂಬ ಒಂದು ಮಾತಿಗೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನನಗೊಂದು ಕೆಲಸ ಸಿಕ್ಕಿದೆ. ಸೈನ್ಯದವರ ಆಳ್ವಿಕೆ ಮುಗಿದು ಹನ್ನೆರಡು ವರ್ಷವಾಯಿತಲ್ಲ, ಜನಕ್ಕೆ ಆ ಕಾಲ ವಾಸಿಯೋ ಈ ಚುನಾವಣೆಯ ಕಾಲ ವಾಸಿಯೋ ಎಂದು ಮನೆಮನೆಗೆ ಹೋಗಿ ಕೇಳುವುದು. ಅವರು ಹೇಳಿದ ಹಾಗೆಯೇ ಗುರುತು ಹಾಕಬೇಕು; ನಾವು ಎದುರಾಡುವಂತಿಲ್ಲ. ಮೊದಲು ನಮ್ಮ ಬೀದಿಯನ್ನೇ ಕೊಟ್ಟರು. ನಿನಗೆ ಬರೆಯಬೇಕಾದ ಉತ್ತರ ಇಲ್ಲೇ ಸಿಗುತ್ತದೆ ಎಂದು ಖುಷಿಯಿಂದ ಹೊರಟೆ.

ಕ್ಷೌರದಂಗಡಿಯವನು ನೆನಪಿದ್ದಾನಲ್ಲ? ಆ ಆಡಳಿತ ಬಿದ್ದ ದಿನ ಬೀದಿಗೆಲ್ಲ ಪುಕ್ಕಟೆ ಕ್ಷೌರ ಮಾಡಿದವನು. ಈಗ ಕತ್ತರಿ ಆಡಿಸುತ್ತಲೇ ಅಂದ, ‘ಆಗ ಬಾಯಿ ಬಿಡೋ ಹಾಗಿರ್ಲಿಲ್ಲ, ಹೊಟ್ಟೆ ತುಂಬಿತ್ತು. ಈಗ ಎಷ್ಟು ಬೇಕಾದ್ರೂ ಬಾಯಿ ಬಿಡಬಹುದು, ಒಳಗೆ ಹಾಕೋಕೇ ಏನಿಲ್ಲ. ಬರ್ಕೊಳ್ಳಮ್ಮ.’ ಕುರ್ಚಿಯಲ್ಲಿದ್ದ ಗಿರಾಕಿ ನಗಲು ಹೋಗಿ ಕಿವಿ ಕುಯ್ಯಿಸಿಕೊಂಡ. ದರ್ಜಿಯ ಹೆಂಡತಿ, ‘ಓಟು ಹಾಕಿ ಹಾಕಿ ಬೆರಳು ಸವೀತು ಕಣೇ, ನಲ್ಲೀಲಿ ನೀರು ಮಾತ್ರ ಬರ್ಲಿಲ್ಲ’ ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ನೀರು ಹೊತ್ತು ಹೊತ್ತು ಅವಳ ಸೊಂಟ ಬಗ್ಗಿಹೋಗಿದೆ.

ಕೊನೆಗೆ ನಮ್ಮ ಮನೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತದೆ, ‘ಆ ಕಾಲವೇ ವಾಸಿ’ ಅಂದಳು. ನಿನ್ನ ಗಂಡನ ನೆನಪು ಮಾಡಿಕೊಟ್ಟೆ. ‘ಅಳಿಯಂದ್ರು ಸುಮ್ಮನಿದ್ದಿದ್ರೆ ಅವರನ್ನ ಯಾರು ಎಳ್ಕೊಂಡು ಹೋಗ್ತಿದ್ರು?’ ಎಂದಳು. ನಾನು ಗುರುತು ಹಾಕಿದೆ. ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಇಲ್ಲಿ ಈಗ ನಿನ್ನನ್ನು ಯಾರೂ ಏನೂ ಮಾಡುವುದಿಲ್ಲ. ಆದರೆ ಅವನು ಯಾತಕ್ಕಾಗಿ ಸತ್ತ ಎಂದು ನೀನು ನಮ್ಮಮ್ಮನಿಗೇ ಬಿಡಿಸಿ ಹೇಳಬೇಕಾದೀತು. ಬಾ ಎನ್ನಲು ನಾಲಿಗೆ ಏಳುತ್ತಿಲ್ಲ. ಬರಬೇಡ ಎನ್ನಲು ಮನಸ್ಸಿಲ್ಲ.

ನಿನ್ನ ದಾರಿ ನೋಡಿ ನೋಡಿ ಹಣ್ಣಾದ,
ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು. ಸಮೀಕ್ಷೆಗೆ ಹೊರಡುವವರು ಮೊದಲ ನಮೂನೆಯನ್ನು ತಾವೇ ತುಂಬಬೇಕು. ‘ಪಕ್ಕದ ಮನೆಯವರನ್ನು ಹಿಡಿದೊಯ್ಯಲು ಬಂದರೆ ಬಾಗಿಲು ತೆರೆದು ಯಾಕೆಂದು ಕೇಳುತ್ತೀರಾ?’ ಎಂದಿತ್ತು. ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದೆ. ನಿನ್ನ ಗಂಡನನ್ನು ಹಿಡಿದೊಯ್ದ ದಿನ ನಾನು ಆಸ್ಪತ್ರೆಗೆ ಹೋಗಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು, ಪುಟ್ಟಿ. ಎಳೆದೊಯ್ಯುವಾಗ ಅವನು ನಮ್ಮ ಬಾಗಿಲ ಕಡೆ ತಿರುಗಿ ‘ಅತ್ತಿಗೇ’ ಎಂದು ಎರಡು ಸಲ ಕೂಗಿದ. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ, ಬಾ.