ಆಕಾಶದ ಮೇಲೆ ಬಿದ್ದ ನೆರಳು

ಫಿಲ್ಮ್ ಉಗ್ರಾಣ, ಎರಡನೆಯ ಮಹಡಿ
ಮಾರ್ಚ್ 11, ಮಂಗಳವಾರ

ಪ್ರೀತಿಯ ಅಪ್ಪಾ,

ಹಡಗಿನ ಸಿನಿಮಾ ಸಿಕ್ಕಿದೆ. ಪತ್ರವನ್ನು ಇಲ್ಲಿಗೇ ಮಡಚಿಡಬೇಡಿ, ಪೂರ್ತಿ ಓದಿ.

ಮೊದಲು ನಿಮ್ಮ ಮೊಣಕಾಲು ಹೇಗಿದೆ? ಕೋಲಿಲ್ಲದೆ ತನ್ನ ಮನೆಯ ಹಜಾರದಲ್ಲಿ ಎರಡು ಸುತ್ತು ಹಾಕಿದಿರೆಂದು ಅಕ್ಕ ಹೇಳಿದಳು. ಮೂರನೆಯ ಸುತ್ತಿಗಾಗಿ ಅವಳೊಡನೆ ಜಗಳ ಆಡಿದಿರೆಂದೂ ಹೇಳಿದಳು. ಡಾಕ್ಟರ ಮಾತು ಬೇಡವೆಂದರೂ ಅವಳ ಮಾತಾದರೂ ಕೇಳಿ. ಇಲ್ಲಿ ಅಮ್ಮ ಆರಾಮಾಗಿದ್ದಾಳೆ. ನೀವಿಲ್ಲದ ಮನೆಯಲ್ಲಿ ರೇಡಿಯೊವನ್ನು ತನಗೆ ಬೇಕಾದಷ್ಟು ಜೋರಾಗಿ ಹಾಕಿಕೊಂಡು, "ಅವರು ಬರೋದು ನಿಧಾನವಾದ್ರೂ ಪರವಾಗಿಲ್ಲ" ಎನ್ನುತ್ತಾಳೆ. ಹೇಳುವಾಗ ಕಿಟಕಿಯ ಕಡೆ ನೋಡುತ್ತಾಳೆ, ಅದನ್ನೂ ಬರೆಯಬೇಕು.

ಸಿನಿಮಾ ಸಿಕ್ಕ ಸುದ್ದಿಯನ್ನು ಹೋದ ಗುರುವಾರ ನನಗೆ ತಿಳಿಸಿದವರು ನಮ್ಮ ಉಗ್ರಾಣದ ಮೇಲ್ವಿಚಾರಕರು. ಮುಚ್ಚಿಹೋದ ಒಂದು ಲ್ಯಾಬಿನಿಂದ ಎಂಬತ್ತು ಡಬ್ಬ ಬಂದಿದ್ದವು. ಅವುಗಳಲ್ಲಿ ಹದಿನಾಲ್ಕು ಈ ಸಿನಿಮಾದವು. ಹದಿಮೂರರಲ್ಲಿ ಮೂಲ ನೆಗೆಟಿವ್, ಕೊನೆಯದರಲ್ಲಿ ಸಿನಿಮಾಕ್ಕೆ ಸೇರಿಸದೆ ಬಿಟ್ಟ ತುಂಡುಗಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ "ಹಡಗು" ಎನ್ನುವಷ್ಟರಲ್ಲಿ ನೀವು ಫೋನನ್ನು ಅಕ್ಕನ ಕೈಗೆ ಕೊಡುತ್ತಿದ್ದಿರಿ. ಅಮ್ಮನೂ, "ಫೋನ್ ಬೇಡ, ಬರಿ. ಕಾಗದ ಆದ್ರೆ ಸಿಟ್ಟು ಇಳಿದ ಮೇಲೆ ಇನ್ನೊಂದ್ಸಲ ಓದ್ತಾರೆ" ಎಂದಳು.

ಈ ಸಿನಿಮಾದ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಅವಳಿಂದ ಗೊತ್ತಾದದ್ದು. ಐವತ್ತೊಂದು ವರ್ಷದ ಹಿಂದೆ ನೀವು ಇದಕ್ಕೆ ಅರವತ್ತು ಅಡಿ ಬಟ್ಟೆಯ ಮೇಲೆ ಆಕಾಶ ಬರೆದಿರಿ. ಮೊದಲ ದಿನ ಮೊದಲ ಆಟದಲ್ಲಿ ನಾಯಕನ ನೆರಳು ಆ ಆಕಾಶದ ಮೇಲೆ, ನಕ್ಷತ್ರಗಳ ಮಧ್ಯೆ ಬಿತ್ತು. "ಆಕಾಶಾನ ಒಣಗಹಾಕಿದಾರೆ ಕಣ್ರೋ, ಮಳೆ ಬಂದ್ರೆ ಎತ್ತಿಡಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು, ಇಡೀ ಟಾಕೀಸು ನಕ್ಕಿತು. ಬಟ್ಟೆಯನ್ನು ನಟರಿಗೆ ತೀರ ಹತ್ತಿರ ಕಟ್ಟಿದ್ದು ನಿಮ್ಮ ತಪ್ಪೆಂದು ನಿರ್ದೇಶಕರು ಎಲ್ಲರೆದುರು ಅಂದರು. ಮರುವಾರವೇ ನೀವು ಏಣಿ ಹೆಗಲಿಗೇರಿಸಿಕೊಂಡು ಅಂಗಡಿಗಳ ಬೋರ್ಡು ಬರೆಯಲು ಹೊರಟಿರಿ. ನನಗೆ ಇಲ್ಲಿ ಕೆಲಸ ಸಿಕ್ಕಾಗಲೂ ನೀವು ಕೇಳಿದ್ದು, "ಬಸ್ಸು ಎಷ್ಟು ಗಂಟೆಗೆ?" ಎಂದಷ್ಟೆ.

ಶುಕ್ರವಾರ ನಾನೂ ಮೇಲ್ವಿಚಾರಕರೂ ಕಂಪ್ಯೂಟರ್ ಪರದೆಯಲ್ಲಿ ಹದಿಮೂರು ರೀಲನ್ನೂ ನೋಡಿದೆವು. ಸಿನಿಮಾ ಚೆನ್ನಾಗಿಲ್ಲ. ಕಪ್ತಾನನ ಮೀಸೆ ಒಂದೊಂದು ದೃಶ್ಯದಲ್ಲಿ ಒಂದೊಂದು ಕಡೆಗೆ ವಾಲುತ್ತದೆ. ಬಿರುಗಾಳಿಯಲ್ಲಿ ಹಡಗು ಒಡೆಯುತ್ತದೆ, ನಾಯಕನ ತಲೆಗೂದಲಿನ ಬೈತಲೆ ಕದಲುವುದಿಲ್ಲ. ಮೂರನೆಯ ರೀಲಿನಲ್ಲಿ ಮುಳುಗಿ ಸತ್ತ ವ್ಯಾಪಾರಿ ಒಂಬತ್ತನೆಯ ರೀಲಿನ ಮದುವೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಊಟ ಮಾಡುತ್ತಾನೆ. ಸಮುದ್ರವೆಂದರೆ ಒಂದು ಬಟ್ಟೆ. ಕೆಳಗೆ ಕೂತು ಅದನ್ನು ಅಲ್ಲಾಡಿಸುವವರಲ್ಲಿ ಒಬ್ಬರ ಬೋಳುತಲೆ ಅಲೆಗಳ ನಡುವಿನಿಂದ ಎದ್ದು, ಸುತ್ತ ನೋಡಿ, ಮತ್ತೆ ಮುಳುಗುತ್ತದೆ. "ಬಂತು ನೋಡ್ರೀ ತಿಮಿಂಗಿಲ" ಎಂದು ಮೇಲ್ವಿಚಾರಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಬಂದರೂ ಎದ್ದುಹೋಗಲು ಮನಸ್ಸಾಗಲಿಲ್ಲ. ಒಂದು ಶೆಡ್ಡು, ನಾಲ್ಕು ದೀಪ, ಒಂದು ಬಟ್ಟೆ ಇಟ್ಟುಕೊಂಡು ಸಮುದ್ರ ತೋರಿಸುತ್ತೇವೆಂದು ಹೊರಟ ಜನ ಅವರು. ಅದು ಆಗದ ಕೆಲಸವೆಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ.

ಆರನೆಯ ರೀಲಿನಲ್ಲಿ ನಿಮ್ಮ ಆಕಾಶ ಬಂತು. ಮೇಲ್ವಿಚಾರಕರ ನಗು ನಿಂತಿತು. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಹೋಗುತ್ತದೆ, ಎಲ್ಲೂ ಕತ್ತರಿ ಬಿದ್ದಿಲ್ಲ. ಎಡತುದಿಯಲ್ಲಿ ಸಂಜೆ, ಬಲತುದಿಯಲ್ಲಿ ರಾತ್ರಿ. ಕಪ್ಪು, ಬಿಳುಪು, ಬೂದು ಬಿಟ್ಟರೆ ಬೇರೆ ಬಣ್ಣವಿಲ್ಲದ ಸಿನಿಮಾದಲ್ಲಿ ನನಗೆ ಆ ಸಂಜೆಯ ಕೆಂಪು ಕಂಡಿತು, ಅಪ್ಪಾ. "ಏನ್ರೀ ಇದು! ಸಂಜೆ ಎಲ್ಲಿ ಮುಗೀತು? ರಾತ್ರಿ ಎಲ್ಲಿ ಶುರುವಾಯ್ತು?" ಎಂದರು ಮೇಲ್ವಿಚಾರಕರು. ಅಳೆಯುವುದು, ಎಣಿಸುವುದು ನನ್ನ ಕೆಲಸ. ಒಂದೊಂದೇ ಫ್ರೇಮ್ ನಿಲ್ಲಿಸಿ ಹುಡುಕಿದೆ, ಸಿಗಲಿಲ್ಲ. ಬೋರ್ಡಿನ ಅಕ್ಷರಗಳಿಗೆ ಅಂಚು ಕೊಡುವಾಗ, "ಎರಡು ಬಣ್ಣ ಸೇರೋ ಕಡೆ ಉಸಿರು ಬಿಡಬಾರದು ಕಣೋ" ಎನ್ನುತ್ತಿದ್ದಿರಿ. ಅರವತ್ತು ಅಡಿ ಉದ್ದಕ್ಕೂ ನೀವು ಉಸಿರಾಡಿದ್ದು ಯಾವಾಗ?

ನಿನ್ನೆ ಹದಿನಾಲ್ಕನೆಯ ಡಬ್ಬ ತೆರೆದೆ. ಆ ದೃಶ್ಯವನ್ನು ನಾಲ್ಕು ಸಲ ತೆಗೆದಿದ್ದಾರೆ. ಮೊದಲ ಮೂರು ಸಲ ಕ್ಯಾಮೆರಾ ಆಕಾಶ ದಾಟಿ ಬಂದಾಗ ನಾಯಕನಟ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ, ಮಾತು ಶುರುಮಾಡುತ್ತಾನೆ, ಮರೆಯುತ್ತಾನೆ. ಆಗ ಕ್ಯಾಮೆರಾ ನೆಲಕ್ಕೆ ಇಳಿಯುತ್ತದೆ. ನೆಲದ ಮೇಲೆ ಅವನು ನಿಲ್ಲಬೇಕಾದ ಜಾಗಕ್ಕೆ ಎಳೆದ ಸೀಮೆಸುಣ್ಣದ ಗೆರೆ ಇದೆ, ಅವನ ಕಾಲು ಗೆರೆಯ ಮೇಲೇ ಇದೆ. ಗೆರೆಯಿಂದ ಬಟ್ಟೆಯವರೆಗೆ ನೆಲದ ಹಲಗೆ ಎಣಿಸಿದೆ: ಹನ್ನೆರಡು. ಮೂರು ಸಲವೂ ಆಕಾಶದ ಮೇಲೆ ನೆರಳಿಲ್ಲ.

ಸಿನಿಮಾದಲ್ಲಿರುವುದು ನಾಲ್ಕನೆಯ ಸಲದ್ದು. ಅದರಿಂದ ಕತ್ತರಿಸಿ ತೆಗೆದ ಕೊನೆಯ ತುಂಡು, ಅಂದರೆ ಬಾಲ, ಈ ಡಬ್ಬದಲ್ಲಿದೆ. ಕ್ಯಾಮೆರಾ ಬರುವಷ್ಟರಲ್ಲಿ ಅವನು ನಮಗೆ ಬೆನ್ನು ಮಾಡಿ ಆಕಾಶದ ಕಡೆ ನಡೆಯುತ್ತಿದ್ದಾನೆ. ನೆರಳು ಏಳುತ್ತದೆ. ಟಾಕೀಸಿನವರು ನೋಡಿದ್ದು ಅಷ್ಟು. ಬಾಲದಲ್ಲಿ ಅವನು ನಿಲ್ಲದೆ ಹೋಗುತ್ತಾನೆ, ಕೈ ಎತ್ತುತ್ತಾನೆ, ಬೆರಳಿಗೂ ಬಟ್ಟೆಗೂ ನಡುವೆ ಒಂದು ಗೇಣು ಉಳಿದಿರುವಾಗ ನಿಲ್ಲುತ್ತಾನೆ. ಹನ್ನೊಂದು ಸೆಕೆಂಡು ಹಾಗೇ ನಿಂತಿರುತ್ತಾನೆ. ಕ್ಯಾಮೆರಾ ನೆಲಕ್ಕೆ ಇಳಿದಾಗ ಗೆರೆ ಅದೇ ಜಾಗದಲ್ಲಿದೆ, ಅವನ ಕಾಲು ಹತ್ತು ಹಲಗೆ ಆಚೆ ಇದೆ. ಮುಖ ಕಾಣದಿದ್ದುದರಿಂದ ಮಾತನ್ನು ಆಮೇಲೆ ಸೇರಿಸಿ, ಇದನ್ನೇ ಬಳಸಿದ್ದಾರೆ.

ಬಟ್ಟೆ ಇರಬೇಕಾದ ಕಡೆಯೇ ಇತ್ತು, ಅಪ್ಪಾ. ಬೆಳಗಿನಿಂದ ಆ ಶೆಡ್ಡಿನಲ್ಲಿ ನಿಂತು ಅದು ಬಟ್ಟೆಯೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ ಅದರ ಕಡೆ ನಡೆದುಬಿಟ್ಟ. ಹಾಗೆಂದು ವರದಿಯಲ್ಲಿ ಹಲಗೆಗಳ ಲೆಕ್ಕದ ಜೊತೆ ಬರೆದು ಸಹಿ ಹಾಕಿದ್ದೇನೆ. ಮೇಲ್ವಿಚಾರಕರೂ ಹಾಕಿದ್ದಾರೆ.

ಅಕ್ಕನಿಗೆ ಕೇಳಿದೆನೆಂದು ಹೇಳಿ, ಭಾವನಿಗೆ ನನ್ನ ನಮಸ್ಕಾರ. ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ, ಅವಳಿಗೆ ಗೊತ್ತಾಗಿದೆ. ನಿಮ್ಮ ಆಶೀರ್ವಾದ ಇರಲಿ.

ಇತಿ,
ನಿಮ್ಮ ಮಗ

ಮರೆತಿದ್ದೆ: ಅಂಚೆಯ ಹೊತ್ತಾಯಿತು, ಮುಖ್ಯವಾದದ್ದೇ ಉಳಿದುಹೋಗಿದೆ. ಸಿನಿಮಾವನ್ನು ಸರಿಪಡಿಸಿ ಮತ್ತೆ ತೋರಿಸುತ್ತಾರೆ. ಈಗಿನ ಯಂತ್ರದಲ್ಲಿ ಆ ನೆರಳನ್ನು ಗುರುತೂ ಉಳಿಯದಂತೆ ಅಳಿಸಬಹುದು. ಸಮಿತಿಯ ಐವರಲ್ಲಿ ಇಬ್ಬರು ಅಳಿಸಿ ಎನ್ನುತ್ತಾರೆ, ಇಬ್ಬರು ಬೇಡ ಎನ್ನುತ್ತಾರೆ. ಐದನೆಯವರು ನಮ್ಮ ಮೇಲ್ವಿಚಾರಕರು. "ನೀವೇನಂತೀರಿ, ತೆಗೆಸಿಬಿಡೋಣ್ವಾ?" ಎಂದು ನನ್ನನ್ನು ಕೇಳಿದರು. ಆಕಾಶ ಬರೆದವರು ಇದ್ದಾರೆ, ಅವರನ್ನೇ ಕೇಳಿ ಎಂದೆ. ಅದು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ನನ್ನ ಅಪ್ಪ ಎಂದು ಹೇಳಿದೆ. ಟೈಟಲ್ಲಿನಲ್ಲಿ ನಿಮ್ಮ ಹೆಸರಿಲ್ಲ. ನೀವು ಹೇಳಿದ ಹಾಗೆ ಅವರು ಮತ ಹಾಕುತ್ತಾರೆ. ಅಳಿಸಬೇಕೋ, ಬಿಡಬೇಕೋ, ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ಅದು ಮಾರ್ಚ್ 20ರೊಳಗೆ ಕಚೇರಿಗೆ ಸೇರಬೇಕು. ಸಮಿತಿಯ ಸಭೆ 24ನೇ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.