ಚಳಿಗಾಲಕ್ಕೆ ಹೋಗುವ ನಕ್ಷತ್ರ

೧೪-೫-೯೩
ಬಾಳೆಗೆ ನೀರು ಬಿಟ್ಟೆ. ಪಂಪಿನ ಸದ್ದು ಸರಿಯಿಲ್ಲ — ಸುಟ್ಟುಹೋದ್ರೆ? ಹಂದಿ ಕಾಯೋ ಅಟ್ಟಣೆ ಏಣಿಯೂ ಅಲ್ಲಾಡುತ್ತೆ.
ಸಂಜೆ ಒಡೆಯರಪಾಳ್ಯದ ಕ್ಯಾಂಪಿಗೆ ಹೋದೆ, ಜಮೀನಿನ ಯಜಮಾನ ಪಾಲ್ಡೆನ್ ತಾತನ ಮನೆಗೆ. ಟಿಬೆಟ್ ಬಿಟ್ಟು ಬಂದವರು. ಕತ್ತಲಾದ ಮೇಲೆ ಅಂಗಳದಲ್ಲಿ ತೋಳು ಚಾಚಿ, ಮುಷ್ಟಿ ಮೇಲೆ ಮುಷ್ಟಿ ಇಟ್ಟು, ಉತ್ತರಕ್ಕೆ, ನೆಲದಂಚಿನಿಂದ ಮೇಲಕ್ಕೆ ಮೂರು ಎಣಿಸಿದ್ರು. ಅಲ್ಲಿರೋದೇ ಧ್ರುವ ಅಂತ ಕೈ ಮುಗಿದ್ರು. ಊರು ಬಿಡುವಾಗ ಅವರಮ್ಮ ಕಲಿಸಿದ್ದಂತೆ, ಅಲ್ಲಿ ಅದು ಮೂರು ಮುಷ್ಟಿ ಎತ್ತರ. ಎಲ್ಲೇ ಇರು, ನಮ್ಮನೆ ಅದರ ಕೆಳಗೆ ಅಂದಿದ್ರಂತೆ.
ಸಂಕ್ರಾಂತಿಲಿ ಯಾಕೆ ಕಾಣಲ್ಲ ಅಂದೆ.
"ನಮ್ಮೋರು ಸ್ವೆಟರ್ ಮಾರಕೆ ಓಗಲ್ವಾ? ಅದೂ ಚಳಿಗಾಲಕ್ಕೆ ಓಯ್ತದೆ."
ನಕ್ಕೆ. ಮನೆಗೆ ಬರೋ ದಾರೀಲಿ ಯೋಚನೆ ಹತ್ತಿತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದ್ರೂ... ಧ್ರುವ ನಡೀಬಾರದಲ್ಲ?

೧೭-೫-೯೩, ಬೆಳಗಿನ ಜಾವ
ಅಟ್ಟಣೆ ಮೇಲೆ. ಹಂದಿ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ತಾತನ ನಕ್ಷತ್ರ ಪಡುವಣಕ್ಕೆ ಜಾರಿತು. ಆದರೆ ಒಂದೇ ಮುಷ್ಟಿ ಎತ್ತರದಲ್ಲಿ, ಗುಡ್ಡಕ್ಕೆ ತಾಗಿದ ಹಾಗೆ ಇನ್ನೊಂದು — ರಾತ್ರಿಯೆಲ್ಲ ಕದಲಲಿಲ್ಲ. ಏನು ನಿಲುವು ಅದರದ್ದು! ಮಿಕ್ಕವೆಲ್ಲ ಗಾಣದ ಎತ್ತಿನಂಗೆ ಅದನ್ನೇ ಸುತ್ತುತ್ತವೆ. ತಾತನ ಮನೆಗೆ ಗುಡ್ಡ ಅಡ್ಡ. ಅವರು ಇದನ್ನ ಕಂಡೇ ಇಲ್ಲ.

೧೮-೫-೯೩
ಶನಿವಾರ ತಾತನಿಗೆ ಮೈಸೂರಲ್ಲಿ ಕಣ್ಣಿನ ಆಪರೇಷನ್. ಎಡಗಣ್ಣು ಪೊರೆ, ಬಲಕ್ಕೂ ಶುರು. ಪೂರ್ತಿ ಕತ್ತಲಾದ್ರೆ ಅಂತ ಈಗ ದಿನಾ ನೋಡ್ತಾರೆ — ತಪ್ಪು ನಕ್ಷತ್ರ. ಹೇಳಿದ್ರೆ ಕುಸಿದುಹೋಗ್ತಾರಾ? ಹೇಳದೆ, ಕಣ್ಣು ಹೋಗಿಬಿಟ್ರೆ?
ಹೆಂಡತಿ ಯಶೋದಂಗೆ ಹೇಳ್ದೆ.
"ಪಂಪಿನ ಚಿಂತೆ ಮುಗೀತಾ, ಈಗ ನಕ್ಷತ್ರದ್ದಾ? ಕರ್ಕೊಂಡೋಗಿ ತೋರ್ಸಿ" ಅಂದ್ಳು.

೨೦-೫-೯೩, ರಾತ್ರಿ
ತೋರಿಸಿದೆ. ಏಣಿಗೆ ಹೊಸ ಹಗ್ಗ ಬಿಗಿದು, ಹಿಂದಿನಿಂದ ಹಿಡ್ಕೊಂಡೇ ಹತ್ತಿಸಿದೆ. ತಾತ ಬಲಗಣ್ಣು ಕಿರಿದು ಮಾಡ್ಕೊಂಡು ನೋಡ್ತಾನೇ ಇದ್ರು. ಯಾಕಾದ್ರೂ ತೋರಿಸಿದೆನೋ ಅನ್ನಿಸ್ತು. ಆಮೇಲೆ ಮುಷ್ಟಿ ಇಟ್ಟು ನೋಡಿದ್ರು. ಒಂದೇ.
"ಅದು ಇಳಿದಿಲ್ಲ ನಿಂಗರಾಜು. ನಾವು ದಕ್ಷಿಣಕ್ಕೆ ಅಷ್ಟು ದೂರ ಇಳಿದು ಬಂದಿದೀವಿ."
ಕೈ ಮುಗಿದ್ರು. ಆಮೇಲೆ ಮೇಲಿನ ಹಳೇ ನಕ್ಷತ್ರಕ್ಕೂ ಮುಗಿದ್ರು. ಅದಲ್ಲ ತಾತ ಅಂದೆ.
"ಗೊತ್ತಾಯ್ತು ಕಣಪ್ಪ. ಇಷ್ಟು ವರ್ಷ ನನ್ ಮಾತೆಲ್ಲ ಕೇಳಿಸ್ಕೊಂಡಿರೋದು ಅದೇ. ಈಗ ಬಿಟ್ಬಿಡಕ್ಕಾಯ್ತದಾ?"

೨೨-೫-೯೩
ಬಸ್ ಸ್ಟಾಪಲ್ಲಿ. ತಾತನ ಜೊತೆ ನಾನೇ ಹೋಗ್ತಿದೀನಿ. ಪಂಪ್ ಆಫ್ ಮಾಡಿದೆನಾ? ತಾತ ಈ ಬಿಸಿಲಲ್ಲೂ ಕಣ್ಣು ಮುಚ್ಕೊಂಡು, ಉತ್ತರಕ್ಕೆ ತೋಳು ಚಾಚಿ, ಒಂದು ಮುಷ್ಟಿ ಇಟ್ರು. ಸರಿಯಾ ಅಂತ ಕೇಳಿದ್ರು. ಸರಿಯಾಗೇ ಇತ್ತು. ಇದು ನಡೆಯಲ್ಲ ಅಲ್ವಾ, ಕಣ್ಣಿಲ್ಲದಿದ್ರೂ ಸಿಗ್ತದೆ ಅಂದ್ರು. ಆದ್ರೆ ಇನ್ನೊಂದು ಪ್ರತಿ ವರ್ಷ ತಿರುಗಿ ಬಂದಾಗ ನೀನೇ ನನಗೆ ಹೇಳ್ಬೇಕು ಅಂದ್ರು. ಬಸ್ಸು ಬಂತು, ತಾತ ಆಗಲೇ ಬಾಗಿಲ ಹತ್ರ —