ಹುಣ್ಣಿಮೆ ರಜಾದಲ್ಲಿ ಕಲಿತ ಅಕ್ಷರ

ಅಜ್ಜಂಪುರ,
ನಳ ಸಂವತ್ಸರದ ಜ್ಯೇಷ್ಠ ಬಹುಳ, ಸೋಮವಾರ
19ನೇ ಜೂನ್ 1916

ಪ್ರೀತಿಯ ತಮ್ಮ ಜಯದೇವನಿಗೆ ನಿನ್ನ ಅಕ್ಕ ಕಲ್ಲಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಹೊಟ್ಟೆನೋವು ಹೇಗಿದೆ, ಮೊದಲು ಅದನ್ನು ಹೇಳು. ಹುಬ್ಬಳ್ಳಿಯ ಖಾನಾವಳಿಯಲ್ಲಿ ಖಾರ ಜಾಸ್ತಿ ಎಂದು ಬರೆದಿದ್ದೆಯಲ್ಲ, ಊಟವಾದ ಮೇಲೆ ಮಜ್ಜಿಗೆಗೆ ಚಿಟಿಕೆ ಇಂಗು ಹಾಕಿಕೊಂಡು ಕುಡಿ. ರೈಲ್ವೆ ಆಫೀಸಿನ ಗುಮಾಸ್ತನಾದರೂ ಹೊಟ್ಟೆ ಅಜ್ಜಂಪುರದ್ದೇ ತಾನೇ. ಇಲ್ಲಿ ಎಲ್ಲರೂ ಕ್ಷೇಮ. ಮೃಗಶಿರ ಮಳೆ ಒಂದು ಹದ ಸುರಿದಿದೆ, ಹೊಲಕ್ಕೆ ಬಿತ್ತನೆ ಆಯಿತು. ಅವ್ವನ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಿನ್ನ ಮಗಳು ಪಂಕಜಾಕ್ಷಿಯ ಮುಂದಿನ ಹಲ್ಲು ಬಿದ್ದಿದೆ. ಹೆಂಚಿನ ಮೇಲೆ ಎಸೆಯಲು ಹೋದರೆ ಬಿಡಲಿಲ್ಲ, ಅಪ್ಪನಿಗೆ ಕಾಗದದಲ್ಲಿ ಇಟ್ಟು ಕಳಿಸಬೇಕಂತೆ. ಕೊನೆಗೆ ಅವ್ವ ಅವಳನ್ನು ಪುಸಲಾಯಿಸಿ ಎಸೆದಳು. ಅದಕ್ಕೆ ಎರಡು ದಿನ ಮುನಿಸು. ಹಟದಲ್ಲಿ ಥೇಟ್ ನೀನೇ.

ನಿನ್ನ ಕಾಗದ ಹೋದ ಬುಧವಾರ ಬಂತು. ಎಂದಿನಂತೆ ನಡುಮನೆಯಲ್ಲಿ ಕೂತು ಅವ್ವನಿಗೂ ನಿನ್ನ ಹೆಂಡತಿಗೂ ಎಲ್ಲವನ್ನೂ ಓದಿ ಹೇಳಿದೆ. ನೀನು ಹುಬ್ಬಳ್ಳಿ ಸೇರಿದಂದಿನಿಂದ ನಿನ್ನ ಮಾತನ್ನು ವಿಮಲ ನನ್ನ ಬಾಯಲ್ಲೇ ಕೇಳಬೇಕು, ಅವಳ ಮಾತನ್ನು ನಾನೇ ಬರೆಯಬೇಕು. ನಾಚಿಕೆಯ ಮಾತು ಬಂದರೆ ಅವಳು ಅಡುಗೆಮನೆಗೆ ಓಡುತ್ತಾಳೆ, ನಾನು ಗೋಡೆಗೆ ಓದಿ ಹೇಳುತ್ತೇನೆ. ಈ ಸಲ ಅವಳು ಓಡಲಿಲ್ಲ. ಸುಮ್ಮನೆ ಕೂತು ಕೇಳಿದಳು. ಅವ್ವ ಮಾತ್ರ "ಏನಂದ? ಬ್ಯಾಡ ಅಂದ್ನಾ?" ಎಂದು ಎರಡು ಸಲ ಕೇಳಿ ಎಲೆಅಡಿಕೆ ಚೀಲ ಹುಡುಕತೊಡಗಿದಳು.

ನಮ್ಮೂರಿಗೆ ಹೆಣ್ಣುಮಕ್ಕಳ ಶಾಲೆ ಮಂಜೂರಾಗಿದೆ ಎಂದು ನಾನು ಎಷ್ಟು ಹಿಗ್ಗಿನಿಂದ ಬರೆದಿದ್ದೆ! ಇನ್ಸ್‌ಪೆಕ್ಟರ್ ಸಾಹೇಬರು ಬಂದು ನನ್ನಿಂದ ಓದಿಸಿ, ಬರೆಸಿ, ಮಗ್ಗಿ ಕೇಳಿ, "ಪಾಠ ಹೇಳೋದಕ್ಕೆ ಇವರೇ ಸಾಕು" ಎಂದು ಎಲ್ಲರ ಮುಂದೆ ಹೇಳಿ ಹೋದರು. ಮನೆಯ ಯಜಮಾನನ ಒಪ್ಪಿಗೆ ಕಾಗದ ಒಂದು ಬೇಕು, ಈ ತಿಂಗಳು ಮುಗಿಯುವುದರೊಳಗೆ ಅದು ಬರದಿದ್ದರೆ ಶಾಲೆ ಬೇರೆ ಊರಿಗೆ ಹೋಗುತ್ತದೆ. ಅಪ್ಪಯ್ಯ ಇಲ್ಲದ ಮೇಲೆ ಯಜಮಾನ ನೀನು. ನೀನೇನು ಬರೆದೆ? "ಬಸವರಾಜಪ್ಪನವರ ಮಗಳು ಸರ್ಕಾರದ ಸಂಬಳಕ್ಕೆ ದುಡಿಯಬೇಕಾಗಿಲ್ಲ, ಮನೆಯಲ್ಲಿ ಏನು ಕಮ್ಮಿಯಾಗಿದೆ?" ನನಗೆ ಅಳು ಬರಲಿಲ್ಲ ಕಣೋ, ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲಿ ಬರೆದರೆ ಏನು ಬರೆದೇನೋ ಎಂದು ಐದು ದಿನ ಸುಮ್ಮನಿದ್ದೆ. ಇವತ್ತೂ ಪೂರ್ತಿ ಇಳಿದಿಲ್ಲ. ಆದರೆ ಮೊನ್ನೆ ಒಬ್ಬ ಬಂದು ನಗಿಸಿ ಹೋದ, ಅದನ್ನು ಹೇಳಿಬಿಡುತ್ತೇನೆ.

ಬಂದವನು ನಿನ್ನ ಗೆಳೆಯ ಷಣ್ಮುಖಪ್ಪ. ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದಾನೆ, ಜೇಬಿಗೆ ಗಡಿಯಾರ ಬಂದಿದೆ, ಹೊಟ್ಟೆಯೂ ಬಂದಿದೆ. ಜಗಲಿಯ ಮೇಲೆ ಕೂತವನೇ ಬಲಗೈ ಮುಂದೆ ಚಾಚಿ, "ನೋಡಕ್ಕಾ, ನಿನ್ ತಮ್ಮನ್ ಹಲ್ಲು ಇನ್ನೂ ಇಲ್ಲೇ ಐತೆ" ಎಂದ. ನೆನಪಿದೆಯೇನೋ? ನಿನಗಾಗ ಆರು, ನನಗೆ ಹತ್ತು. ಅಯ್ನೋರ ಕೂಲಿಮಠಕ್ಕೆ ಅಕ್ಷರ ಕಲಿಯಲೆಂದು ಅಪ್ಪಯ್ಯ ನಿನ್ನನ್ನು ಸೇರಿಸಿ ಮೂರು ದಿನವಾಗಿತ್ತು. ನಾಲ್ಕನೆಯ ದಿನ ನೀನು ಮನೆಯಲ್ಲೇ ಕಾಣೆ. ತಪ್ಪಿಸಿಕೊಂಡವರನ್ನು ಹಿಡಿದು ತರುವುದಕ್ಕೆ ಅಯ್ನೋರು ನಾಲ್ಕು ಹುಡುಗರನ್ನು ಕಳಿಸುತ್ತಿದ್ದರಲ್ಲ, ಕೈಗಿಬ್ಬರು ಕಾಲಿಗಿಬ್ಬರು, ಪಲ್ಲಕ್ಕಿ ಹೊತ್ತ ಹಾಗೆ! ಅವರು ಬಂದು ಅಟ್ಟ, ಹಿತ್ತಲು, ಕೊಟ್ಟಿಗೆ ಎಲ್ಲ ಹುಡುಕಿದರು. ನೀನು ರಾಗಿ ತುಂಬುವ ಖಾಲಿ ಗುಡಾಣದೊಳಗೆ ಕೂತಿದ್ದೆ. ಸೀನದೇ ಇದ್ದಿದ್ದರೆ ಇವತ್ತಿಗೂ ಸಿಗುತ್ತಿರಲಿಲ್ಲ. ಆ ನಾಲ್ವರಲ್ಲಿ ಒಬ್ಬನಾದ ಷಣ್ಮುಖ ಕೈ ಹಾಕಿದ, ನೀನು ಕಚ್ಚಿದೆ. ರಕ್ತ ಬಂದರೂ ಅವನು ಕೈ ಬಿಡಲಿಲ್ಲ, ನೀನು ಹಲ್ಲು ಬಿಡಲಿಲ್ಲ. ಹಾಗೇ ಇಬ್ಬರನ್ನೂ ಒಟ್ಟಿಗೆ ಹೊತ್ತುಕೊಂಡು ಹೋದರು, ಹಿಂದೆ ನಾನು ಅಳುತ್ತಾ ಓಡಿದೆ.

ಮಠದಲ್ಲಿ ಅಯ್ನೋರು ಬೆತ್ತ ಎತ್ತಿದರೆ ನೀನು ನನ್ನ ಸೆರಗಿನೊಳಗೆ ಹೊಕ್ಕು, "ಅಕ್ಕ ಬಂದ್ರೆ ಬತ್ತೀನಿ, ಇಲ್ದಿದ್ರೆ ನಾಳೆನೂ ಕಚ್ತೀನಿ" ಎಂದೆ. ಅಯ್ನೋರು ಮೀಸೆಯೊಳಗೇ ನಕ್ಕರು. "ಆಯ್ತು ಬಿಡಪ್ಪಾ, ಕಂಬದ್ ಆಕಡೆ ಕೂತ್ಕಳ್ಳಿ ನಿಮ್ಮಕ್ಕ" ಎಂದರು. ಅಂದಿನಿಂದ ಕಂಬದ ಈಚೆ ನೀನು, ಆಚೆ ನಾನು. ನಿನ್ನ ಮುಂದೆ ಮರಳು ಹರಡಿತ್ತು, ನಾನು ಬರಿಯ ನೆಲದ ಮೇಲೆ ಬೆರಳಾಡಿಸುತ್ತಿದ್ದೆ. ನೀನು "ಅ" ತಿದ್ದುವಾಗ ನಾನೂ ತಿದ್ದಿದೆ, ನೀನು ಮರೆತಾಗ ಕಂಬದ ಸಂದಿಯಿಂದ ಪಿಸುಗುಟ್ಟಿದೆ. ನನಗೆ ಯಾರೂ ಕಲಿಸಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಅಯ್ನೋರು "ಶ್ರೀ" ಬರೆಯುತ್ತಿದ್ದರು, ಎರಡನೆಯವನಿಗೆ ಬರಿಯ ಚುಕ್ಕೆ, ಮೂರನೆಯವನಿಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು. ಕೊನೆಗೆ ಬಂದವನ ಪಾಡು ಶಿವನಿಗೇ ಪ್ರೀತಿ. ನಿನಗೆ ಏಟು ಬೀಳಬಾರದೆಂದು ನಾನು ಕೋಳಿ ಕೂಗುವಾಗಲೇ ಎದ್ದು, ನಿದ್ದೆಗಣ್ಣಿನ ನಿನ್ನನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದೆ. ನಿನ್ನ ಜೊಲ್ಲು ನನ್ನ ಹೆಗಲಿಗೆ. ಎಷ್ಟೋ ದಿನ ಅರ್ಧ ನಿದ್ದೆಯಲ್ಲೇ ಕೈ ಚಾಚಿ "ಶ್ರೀ" ಬರೆಸಿಕೊಂಡವನು ನೀನು. ನಾನು ಲೆಕ್ಕದಲ್ಲಿಲ್ಲದವಳು, ನನಗೆ ಏಟೂ ಇಲ್ಲ, ಶ್ರೀಯೂ ಇಲ್ಲ. ಏಟಾದರೂ ಬೀಳಬಾರದೇ ಎಂದು ಆಸೆಯಾಗುತ್ತಿತ್ತು ಎಂದರೆ ನಗುತ್ತೀಯೇನೋ.

ಆಮೇಲೆ ಆ ಹುಣ್ಣಿಮೆ ಬಂತು. ಅಮಾವಾಸ್ಯೆಗೂ ಹುಣ್ಣಿಮೆಗೂ ಮಠಕ್ಕೆ ರಜಾ ಎಂಬುದು ಊರಿಗೇ ಗೊತ್ತು. ಆ ತಿಂಗಳು ತಿಥಿ ಎರಡು ದಿನಕ್ಕೆ ಹರಡಿತ್ತು. ಅವ್ವ ಮೊದಲನೆಯ ದಿನವೇ ಹುಣ್ಣಿಮೆ ಎಂದು ಒಪ್ಪತ್ತು ಮಾಡಿದಳು, ನಾವು ರಜಾ ಎಂದು ಮನೆಯಲ್ಲಿ ಕುಣಿದೆವು. ಮರುದಿನ ಎಂದಿನಂತೆ ನಿನ್ನನ್ನು ಹೊತ್ತು ಹೋದರೆ ಮಠ ಭಣಭಣ ಎನ್ನುತ್ತಿತ್ತು. ಅಯ್ನೋರು ಬೇವಿನ ಕಡ್ಡಿ ಅಗಿಯುತ್ತಾ ಹೊರಗೆ ಬಂದವರು ನಮ್ಮನ್ನು ನೋಡಿ, "ನಿನ್ನೆ ಪಾಠ ಇತ್ತು, ನೀವ್ ಬರ್ಲಿಲ್ಲ. ಇವತ್ತು ರಜಾ, ಬಂದ್ಬಿಟ್ರಿ! ನಿಮ್ಮವ್ವಂದೇ ಒಂದು ಪಂಚಾಂಗ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಾಚಿಕೆಯಿಂದ ತಿರುಗಿದೆ. ಆಗ ಅವರು, "ನಿಲ್ಲೇ ಮಗಾ. ಇವತ್ತು ಮೊದ್ಲು ಬಂದೋಳು ನೀನು. ಕೈ ತೋರ್ಸು" ಎಂದರು. ನನ್ನ ಅಂಗೈ ಮೇಲೆ ಅವರು ಬರೆದಾಗ ಕಚಗುಳಿಯಾಯಿತು, ಕಣ್ಣಲ್ಲಿ ನೀರೂ ಬಂತು. ನೀನೋ, ಹೊಟ್ಟೆಕಿಚ್ಚಿನ ಮುದ್ದೆ, ಚುಕ್ಕೆ ಬರೆಸಿಕೊಳ್ಳುವವರೆಗೂ ನೆಲದ ಮೇಲೆ ಹೊರಳಾಡಿದೆ.

ಅವತ್ತು ಅವರು ನನ್ನನ್ನು ಕಂಬದ ಈಚೆ ಕೂರಿಸಿ ಮರಳು ಹರಡಿಕೊಟ್ಟರು. ನಾನು ಕಾಗುಣಿತವನ್ನೆಲ್ಲ ಒಂದೂ ತಪ್ಪದೆ ಬರೆದೆ. ಅವರು ಒಂದೊಂದು ಅಕ್ಷರವನ್ನೂ ಬಗ್ಗಿ ನೋಡಿದರು. "ರಜಾದಿನ ಹುಡುಗ್ರು ಇರಲ್ಲ. ಅವತ್ತು ಬಾ" ಎಂದರು. ಅಷ್ಟೇ. ಅಲ್ಲಿಂದ ಪ್ರತಿ ಅಮಾವಾಸ್ಯೆ, ಪ್ರತಿ ಹುಣ್ಣಿಮೆ ನನ್ನ ಪಾಠದ ದಿನ. ಊರ ಮಕ್ಕಳೆಲ್ಲ ಕೆರೆಯಲ್ಲಿ ಈಜುವಾಗ ನಾನು ಕೂಡಿಸುವುದು ಕಳೆಯುವುದು ಕಲಿತೆ, ಬಟ್ಟೆಯ ಕಡತದ ಮಡಿಕೆ ಬಿಚ್ಚಿ ಓದುವುದು ಕಲಿತೆ. ನಮ್ಮ ಅಯ್ನೋರು ಶಿವೈಕ್ಯರಾಗಿ ಒಂಬತ್ತು ವರ್ಷವಾಯಿತು. ಅವರನ್ನು ನೆನೆಯದ ಹುಣ್ಣಿಮೆ ನನಗೆ ಇಲ್ಲ.

ಆ ಪಾಠವನ್ನು ಕೆಡಿಸಿಕೊಂಡವಳೂ ನಾನೇ ಅನ್ನು. ಆ ವರ್ಷದ ಮಾನೌಮಿಯಲ್ಲಿ ನೀವು ಮಠದ ಹುಡುಗರು ಬಣ್ಣದ ಟೋಪಿ ಹಾಕಿ, ಕೋಲು ಹಿಡಿದು, ಮನೆಮನೆಗೆ ಪದ ಹೇಳುತ್ತಾ ಹೊರಟಿರಿ. ಕಂದಾಯದ ಶೇಕದಾರರ ಮನೆಯ ಮುಂದೆ ನೀನೊಬ್ಬನೇ ಹೇಳಬೇಕಾದ ಪದ. ಮೊದಲ ಸಾಲು ಹೇಳಿ ಬಾಯಿ ಬಿಟ್ಟುಕೊಂಡು ನಿಂತೆ. ಜನ ಕಾದರು, ಅಪ್ಪಯ್ಯನ ಮುಖ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ ಕಣೋ. ಹೆಂಗಸರ ಗುಂಪಿನಿಂದ ಗಟ್ಟಿಯಾಗಿ ಮುಂದಿನ ಸಾಲು ಹೇಳಿಬಿಟ್ಟೆ, ಅದರ ಮುಂದಿನದನ್ನೂ ಹೇಳಿದೆ. ಶೇಕದಾರರು, "ಭಲೇ, ಯಾರದಮ್ಮಾ ಈ ಹುಡುಗಿ?" ಎಂದರು. ಜನ ನಕ್ಕರು. ಮನೆಗೆ ಬಂದ ಮೇಲೆ ಅಪ್ಪಯ್ಯ ಹೊಡೆಯಲಿಲ್ಲ, ಬೈಯಲಿಲ್ಲ. "ನಾಳೆಯಿಂದ ಮಠದ ಕಡೆ ಹೋಗ್ಬೇಡ. ಹೆಣ್ಣು ಓದಿ ತರೋದೇನೈತೆ? ಮನೇಲಿ ಏನು ಕಮ್ಮಿಯಾಗೈತೆ?" ಎಂದರು.

ಈಗ ನಿನ್ನ ಕಾಗದವನ್ನು ನೆನೆಸಿಕೋ ಜಯದೇವ. ಇಪ್ಪತ್ತೆರಡು ವರ್ಷದ ಮೇಲೆ, ರೈಲ್ವೆ ಆಫೀಸಿನ ಕಾಗದದಲ್ಲಿ, ಅದೇ ಮಾತು! ಆದರೆ ಅಂದು ನೀನು ಏನು ಮಾಡಿದೆ ಎಂಬುದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಎರಡು ಹೊತ್ತು ಊಟ ಬಿಟ್ಟೆ. ಅದರಿಂದ ಅಪ್ಪಯ್ಯ ಕರಗಲಿಲ್ಲ. ಮೂರನೆಯ ದಿನ ಮಠದಿಂದ ಬಂದವನು ನೇರ ಹಿತ್ತಲಿಗೆ ಬಂದು, ಬಟ್ಟೆ ಒಗೆಯುತ್ತಿದ್ದ ನನ್ನ ಮುಂದೆ ಕಲ್ಲಿನ ಮೇಲೆ ಕೂತು, ಅಯ್ನೋರ ದನಿಯಲ್ಲೇ, "ಹ್ಞೂಂ, ಹೇಳು, ಹದಿಮೂರ್ ಒಂದ್ಲ?" ಎಂದೆ. ಮಠದಲ್ಲಿ ಕಲಿತದ್ದನ್ನು ದಿನವೂ ಹಿತ್ತಲಿಗೆ ತಂದು ನನಗೆ ಒಪ್ಪಿಸಿದೆ. ನಾನು ತಪ್ಪಿದರೆ ನೀನು ಒದ್ದೆ ಬಟ್ಟೆಯಿಂದ ಹೊಡೆಯುತ್ತಿದ್ದೆ, ಪುಟ್ಟ ಪೋಕರಿ. ತರೀಕೆರೆಗೆ ನನ್ನನ್ನು ಕೊಡುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಗಂಡನ ಮನೆಯ ಗಾಡಿ ಹೊರಟಾಗ ನೀನು ಅತ್ತದ್ದು ಅಕ್ಕ ಹೋದಳೆಂದಲ್ಲ, "ಇನ್ನೂ ಬಾಗಾಕಾರ ಹೇಳಿಕೊಟ್ಟಿಲ್ಲ" ಎಂದು. ಎಲ್ಲರೂ ನಕ್ಕರು, ನಾನು ಮಾತ್ರ ನಗಲಿಲ್ಲ.

ತರೀಕೆರೆಯಲ್ಲಿ ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಬೀದಿಯ ಹೆಂಗಸರೆಲ್ಲ ಮಗನ ಕಾಗದ, ಅಳಿಯನ ಕಾಗದ ಎಂದು ನನ್ನಲ್ಲಿಗೆ ಬಂದಾಗ ಅವರೇ ಹೆಮ್ಮೆಯಿಂದ ಮಣೆ ಹಾಕಿ ಕೂರಿಸಿದರು. ನಿಮ್ಮ ಭಾವ ಕಡ್ಡಿ ಮುರಿದಂತೆ ಮಾತಾಡುವವರು, ಆದರೂ ಸಂತೆಯಿಂದ ಬಂದಾಗ ನನಗೆಂದು ಓದುವುದಕ್ಕೆ ಏನಾದರೂ ತರುತ್ತಿದ್ದರು. ಪ್ಲೇಗು ಅವರನ್ನು ಕೊಂಡುಹೋಯಿತು. ಬರಿಗೈಯಲ್ಲಿ ತವರಿಗೆ ಬಂದ ನನಗೆ ನೀನು ಈ ಏಳು ವರ್ಷ ಒಂದು ಮಾತೂ ಬೇಸರವಾಗುವಂತೆ ಆಡಿಲ್ಲ. ಆಡಿದೆ ಎಂದರೆ ನಾಲಗೆಗೆ ಹುಳ ಬಿದ್ದೀತು. ಆದರೆ ಮನೆಯಲ್ಲಿ ಏನು ಕಮ್ಮಿ ಎಂದು ಕೇಳಿದೆಯಲ್ಲ, ಹೇಳುತ್ತೇನೆ ಕೇಳು. ಬೆಳಗಾದರೆ ಎಲ್ಲಿಗೆ ಹೋಗಬೇಕು ಎಂಬುದು ನನಗಿಲ್ಲ. ಉಳಿದದ್ದೆಲ್ಲ ಇದೆ.

ಊರಿನಲ್ಲಿ ಹದಿನಾಲ್ಕು ಮನೆಯವರು ಮಕ್ಕಳನ್ನು ಕಳಿಸುತ್ತೇವೆ ಎಂದಿದ್ದಾರೆ. ಷಣ್ಮುಖಪ್ಪ ಹೊರಡುವಾಗ, "ನನ್ ಕೈ ಕಚ್ಚಿದೋನು ಅಕ್ಕನ್ ಕೈ ಬಿಡಲ್ಲ, ಬರೆಯಕ್ಕಾ ನೀನು" ಎಂದ. ಅದಕ್ಕೇ ಬರೆದಿದ್ದೇನೆ. ಗೋಗರೆಯುವುದು ನನಗೆ ಬರುವುದಿಲ್ಲ, ನಿನಗೂ ಗೊತ್ತು. ಒಪ್ಪಿಗೆ ಕೊಟ್ಟರೆ ಸಂತೋಷ. ಕೊಡದಿದ್ದರೂ ನಿನ್ನ ಮೇಲಿನ ಪ್ರೀತಿ ಎಲ್ಲಿಗೂ ಹೋಗುವುದಿಲ್ಲ, ಆದರೆ ಆ ದುಃಖವನ್ನು ನಾನು ಮುಚ್ಚಿಡುವುದಿಲ್ಲ.

ಅವ್ವ ನಿನ್ನ ತಲೆ ಸವರಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ, ಹೊಟ್ಟೆ ತಣ್ಣಗಿರಲಿ.

ಇಂತು ನಿನ್ನ ಅಕ್ಕ,
ಕಲ್ಲಮ್ಮ

ಮರೆತ ಮಾತು: ಟಪಾಲು ಹೊರಡುವ ಹೊತ್ತಾಯಿತು, ಕಾಗದ ಮಡಿಸುತ್ತಿದ್ದರೆ ವಿಮಲ ಬಂದು ಕಿತ್ತುಕೊಂಡಳು. ಸಂಕ್ರಾಂತಿಯಿಂದ ದಿನಾ ಮಧ್ಯಾಹ್ನ ಅವಳಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ. ತಾನೇ ಬರೆಯುವವರೆಗೆ ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದಳು. ಉಳಿದ ಜಾಗ ಅವಳದು. ಏನು ಬರೆಯುತ್ತಾಳೋ ಕಾಣೆ, ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದಾಳೆ, ತಾನೇ ಅಂಟು ಹಾಕಿ ಮುಚ್ಚುತ್ತಾಳಂತೆ. ಸೊಟ್ಟಗಿದ್ದರೆ ನಗಬೇಡ.

ನಿಮಗೆ ವಿಮಲ ಮಾಡುವ ನಮಸ್ಕಾರ. ಇದು ನಾನೇ ಬರೆದದ್ದು. ನಿಮ್ಮ ಕಾಗದ ಅಕ್ಕ ಓದಿ ಹೇಳಿದರು. ಅವರು ನೀರಿಗೆ ಹೋದಾಗ ನಾನೂ ತೆಗೆದು ಓದಿದೆ. ಓದಲು ತುಂಬ ಹೊತ್ತು ಹಿಡಿಯಿತು. ಒಂದು ಸಾಲು ಅಕ್ಕ ನಮಗೆ ಓದಿರಲಿಲ್ಲ. ಬೆಳಗಾಗೆದ್ದು ಮಕ್ಕಳು ಗಂಡ ಸತ್ತವಳ ಮುಖ ನೋಡಬೇಕೇ ಎಂದು ಊರವರು ಆಡುತ್ತಾರೆ ಎಂದು ಬರೆದಿದ್ದೀರಿ. ಊರವರು ಯಾರೂ ಆಡಿಲ್ಲ. ನೀವೇ ಆಡಿದ್ದು. ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ, ನಿಮಗೂ ಬರೆದಿರುವುದಿಲ್ಲ. ನಮ್ಮ ಪಂಕಜಾಕ್ಷಿ ಹುಟ್ಟಿದಾಗಿನಿಂದ ಬೆಳಗಾಗೆದ್ದು ಮೊದಲು ನೋಡುವುದು ಆ ಮುಖವನ್ನೇ. ಒಪ್ಪಿಗೆ ಕಳಿಸಿ.